ಉಪ್ಪು ಸರಿ ಉಂಟು

ಬಂದರಿನ ದಕ್ಕೆಯ ಹಿಂದಿನ ಗಲ್ಲಿಯಲ್ಲಿ ಕುಮುದಿನಿಯ ಊಟದ ಹೋಟೆಲು ಇದ್ದಷ್ಟು ಕಾಲವೂ ಅದಕ್ಕೊಂದು ಬೋರ್ಡು ಇರಲಿಲ್ಲ. ಗೋಡೌನಿನಲ್ಲಿ ಮೂಟೆ ಹೊರುವವರು, ಬೋಟಿನವರು, ಸಗಟು ಅಂಗಡಿಗಳ ಗುಮಾಸ್ತರು ಎಲ್ಲರೂ ಅದನ್ನು ಧನಣ್ಣನ ಹೋಟೆಲ್ ಎಂದೇ ಕರೆಯುತ್ತಿದ್ದರು. ಧನರಾಜ ಅವಳ ಗಂಡ. ಅವನಿಗೆ ಅಡುಗೆ ಬರುತ್ತಿರಲಿಲ್ಲ. ಬೆಳಿಗ್ಗೆ ದಕ್ಕೆಗೆ ಹೋಗಿ ಮೀನು ತರುವುದು, ಮಧ್ಯಾಹ್ನ ಎಲೆ ಹಾಕಿ ಬಡಿಸುವುದು, ಬಂದವರ ಮನೆ ಮಠ ವಿಚಾರಿಸುವುದು ಅವನ ಪಾಲು. ಒಲೆಯ ಹತ್ತಿರದ್ದೆಲ್ಲ ಕುಮುದಿನಿಯದ್ದು.

ಅವಳು ಕಡಲ ದಡದ ಬೆಂಗ್ರೆಯ ಹುಡುಗಿ. ತಂದೆ ಅಂಗಾರ ಕೈರಂಪಣಿ ಬಲೆ ಎಳೆಯುತ್ತಿದ್ದವರು. ಸಾರಿಗೆ ಮಸಾಲೆ ಹೆಚ್ಚಾದರೆ ಬಟ್ಟಲು ದೂಡಿ, "ನಾನು ಮೀನು ಹಿಡಿದು ತಂದದ್ದು, ಕೊತ್ತಂಬರಿ ಅಲ್ಲ" ಎನ್ನುತ್ತಿದ್ದರು. ಆ ಮಾತು ಕುಮುದಿನಿಯ ಕೈಯಲ್ಲಿ ಕೂತುಬಿಟ್ಟಿತ್ತು. ಅವಳ ಬಂಗುಡೆ ಸಾರಿನಲ್ಲಿ ಮೊದಲು ಬಂಗುಡೆ, ಆಮೇಲೆ ಉಳಿದದ್ದು. ಬಡಿಸಿ ಬಂದ ಮೇಲೆ ಧನರಾಜ ಅಡುಗೆಮನೆಯಲ್ಲೇ ನೆಲದ ಮೇಲೆ ಕೂತು ಉಣ್ಣುತ್ತಿದ್ದ. ಹೇಗುಂಟು ಎಂದು ಕೇಳಿದರೆ ಪ್ರತಿದಿನವೂ ಒಂದೇ ಉತ್ತರ. "ಲಾಯ್ಕ ಉಂಟು." ಸಾರು ನಿಜಕ್ಕೂ ಚೆನ್ನಾಗಿದ್ದ ದಿನವೂ ಲಾಯ್ಕ, ಅಡಿ ಹಿಡಿದ ದಿನವೂ ಲಾಯ್ಕ.

ಕೊರೊನಾ ಎರಡನೇ ಸಲ ಬಂದಾಗ ಇಬ್ಬರೂ ಮಲಗಿದರು. ಧನರಾಜ ಬೇಗ ಎದ್ದ. ಕುಮುದಿನಿಯ ಜ್ವರವೂ ಇಳಿಯಿತು. ಆದರೆ ಒಂದು ಬೆಳಿಗ್ಗೆ ಶುಂಠಿ ಕಷಾಯ ಕುಡಿದರೆ ಬರೀ ಬಿಸಿನೀರು ಕುಡಿದಂತಾಯಿತು. ಅವಳು ಎದ್ದು ಹೋಗಿ ಒಣಮೀನಿನ ಡಬ್ಬಿ ತೆರೆದು ಅದರೊಳಗೆ ಮೂಗಿಟ್ಟಳು. ಏನೂ ಇಲ್ಲ. ಖಾಲಿ ಡಬ್ಬಿಯ ಹಾಗೆ. ಕೆಲವರಿಗೆ ಹೀಗಾಗುತ್ತದೆ, ತಾನಾಗಿ ಸರಿಯಾಗುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಊರಿನ ಉಳಿದವರಿಗೆಲ್ಲ ಸರಿಯಾಯಿತು. ಹೋಟೆಲು ಮತ್ತೆ ತೆರೆಯುವ ಹೊತ್ತಿಗೂ ಅವಳ ನಾಲಿಗೆಗೆ ರುಚಿ ತಿರುಗಿ ಬರಲಿಲ್ಲ. ಮೆಣಸು ಉರಿಯುತ್ತದೆ, ಐಸು ತಣ್ಣಗೆ ತಾಗುತ್ತದೆ, ಅಷ್ಟೇ ಉಳಿದದ್ದು. ಉಪ್ಪು, ಹುಳಿ, ಬೆಲ್ಲ ಯಾವುದೂ ಇಲ್ಲ.

"ಯಾರಿಗೂ ಹೇಳುದು ಬೇಡ" ಎಂದಳು ಗಂಡನಿಗೆ. "ಅಡುಗೆಯವಳಿಗೇ ರುಚಿ ಗೊತ್ತಾಗುದಿಲ್ಲ ಅಂತ ತಿಳಿದರೆ ಯಾರು ಬರ್ತಾರೆ?"

ಧನರಾಜ ತಲೆ ತುರಿಸಿಕೊಂಡ. "ನಾನಿದ್ದೇನಲ್ಲ. ನಾನು ನೋಡಿ ಹೇಳ್ತೇನೆ."

ಹಾಗೆ, ಆಯುಷ್ಯವಿಡೀ ಲಾಯ್ಕ ಎನ್ನುತ್ತಲೇ ಬಂದ ಮನುಷ್ಯ ತಪ್ಪು ಹುಡುಕುವುದನ್ನು ಕಲಿಯಬೇಕಾಯಿತು. ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಅವನ ಬಳಿ ಅದಕ್ಕೆ ಬೇಕಾದ ಮಾತುಗಳೇ ಇರಲಿಲ್ಲ. "ಹುಳಿ ಸ್ವಲ್ಪ ಮುಂದೆ ಹೋಗಿದೆ, ಖಾರ ಹಿಂದೆ ಉಳಿದಿದೆ" ಎನ್ನುತ್ತಿದ್ದ, ರಸ್ತೆಯಲ್ಲಿ ನಡೆಯುವ ಜನರ ವಿಷಯ ಹೇಳುವಂತೆ. ಮೊದಮೊದಲು ಹೇಳುವಾಗ ಹೆದರುತ್ತಿದ್ದ. ಬರಬರುತ್ತಾ ಚುರುಕಾದ. ಎಷ್ಟು ಚುರುಕಾದನೆಂದರೆ ಇವತ್ತಿನ ತೆಂಗಿನಕಾಯಿ ಎಳತು ಎನ್ನುವವರೆಗೂ ಹೋದ. ಗಿರಾಕಿಗಳಿಗೆ ಏನೂ ತಿಳಿಯಲಿಲ್ಲ. ಸಾರು ಮೊದಲಿಗಿಂತ ಚೆನ್ನಾಗಿದೆ ಎಂದವರೂ ಇದ್ದರು.

ಧನರಾಜ ಸತ್ತದ್ದು ದಕ್ಕೆಯಲ್ಲಿ. ಬೂತಾಯಿ ಮೀನು ನೋಡುತ್ತಾ ನಿಂತವನು ಎದೆ ಹಿಡಿದುಕೊಂಡು ಐಸ್ ಪೆಟ್ಟಿಗೆಯ ಮೇಲೆ ಕೂತನಂತೆ, ಮತ್ತೆ ಏಳಲಿಲ್ಲ. ಕುಮುದಿನಿ ಓಡಿ ಬಂದಾಗ ಯಾರೋ ಅವನನ್ನು ತಾಡಪಾಲಿನ ಮೇಲೆ ಮಲಗಿಸಿದ್ದರು. ಸುತ್ತ ಮೀನಿನ ರಾಶಿ, ಡೀಸೆಲ್, ಕೊಳೆತ ನೀರು. ಜನ ಮೂಗಿಗೆ ಸೆರಗು ಹಿಡಿದಿದ್ದರು. ಅವಳಿಗೆ ಒಂದು ವಾಸನೆಯೂ ಇಲ್ಲ. ಗಾಜಿನ ಆಚೆ ನಡೆಯುತ್ತಿರುವುದನ್ನು ನೋಡಿದಂತೆ ನೋಡಿದಳು. ಅಂಗಿಯ ಗುಂಡಿ ಬಿಚ್ಚಿಕೊಂಡಿತ್ತು, ಅದನ್ನು ಹಾಕಿದಳು.

ಅವಳು ಅಳಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ದಿನ ಅವನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಗೆ ಬಡಿಸಿದರು, ಆಗಲೂ ಅಳಲಿಲ್ಲ. "ಒಮ್ಮೆ ಅತ್ತುಬಿಡಬೇಕು, ಇಲ್ಲದಿದ್ರೆ ಒಳಗೇ ಕಲ್ಲಾಗ್ತದೆ" ಎಂದು ನೆಂಟರ ಹೆಂಗಸರು ಬೆನ್ನು ಸವರಿದರು. ಅವಳು ಹೌದು ಎಂದು ತಲೆಯಾಡಿಸಿದಳು. ಹೋಟೆಲು ಮುಚ್ಚಿತು. ಗಂಡನಿಲ್ಲದ ಜಾಗದಲ್ಲಿ ನಿಲ್ಲಲು ಅವಳಿಗೆ ಆಗುವುದಿಲ್ಲ ಎಂದು ಬಂದರಿನವರು ಮಾತಾಡಿಕೊಂಡರು. ಅವರೆಲ್ಲ ಹಾಗೆ ತಿಳಿದದ್ದನ್ನು ಅವಳು ತಿದ್ದಲಿಲ್ಲ.

ಮಗಳು ಸುಪ್ರೀತಾ ದೇರೆಬೈಲಿನ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದಳು. ಅಳಿಯ ಮಸ್ಕತ್ತಿನಲ್ಲಿ. ಸುಪ್ರೀತಾ ಸೊಸೈಟಿ ಬ್ಯಾಂಕಿನ ಕೆಲಸಕ್ಕೆ ಹೋಗುವ ಮೊದಲು ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಅಮ್ಮ ಇಷ್ಟು ವರ್ಷ ಊರಿಗೆಲ್ಲ ಬೇಯಿಸಿದ್ದು ಸಾಕು ಎಂಬುದು ಅವಳ ಹಟ. ಸಂಜೆ ಬಂದವಳೇ ಕೇಳುತ್ತಿದ್ದಳು, "ಸಾರು ಹೇಗಿತ್ತಮ್ಮ?"

"ಲಾಯ್ಕ ಇತ್ತು."

ಎರಡು ವರ್ಷ ಹೀಗೇ ಹೋಯಿತು. ಕುಮುದಿನಿ ಬಾಲ್ಕನಿಯಲ್ಲಿ ಕೂರುತ್ತಿದ್ದಳು. ತಟ್ಟೆ ಮುಂದೆ ಬಂದರೆ ಉಣ್ಣುತ್ತಿದ್ದಳು. ಸುಖವೂ ಇಲ್ಲ, ದುಃಖ ಎಂದು ಹೇಳಲೂ ಏನೂ ಇಲ್ಲ. ಟಿವಿಯಲ್ಲಿ ಯಾರಾದರೂ ಅತ್ತರೆ ಅವರ ಬಾಯಿ ಹೇಗೆ ಸೊಟ್ಟಗಾಗುತ್ತದೆ ಎಂದು ನೋಡುತ್ತಿದ್ದಳು.

ಆ ವರ್ಷದ ಚಳಿಗಾಲದಲ್ಲಿ ದೇರೆಬೈಲಿನ ನಿವಾಸಿಗಳ ಸಂಘದವರು ಮೈದಾನದಲ್ಲಿ ರುಚಿ ಮೇಳ ಇಟ್ಟುಕೊಂಡರು. ಊರಿನ ಸಣ್ಣಪುಟ್ಟ ಹೋಟೆಲಿನವರು ಬಂದು ತಮ್ಮ ತಮ್ಮ ವಿಶೇಷ ಅಡುಗೆ ಇಡುವುದು, ಜನ ಸುತ್ತಾಡಿಕೊಂಡು ಎಲ್ಲದರಿಂದಲೂ ಚೂರು ಚೂರು ತಿಂದು ನೋಡುವುದು, ಕೊನೆಗೆ ಒಂದು ಸ್ಟಾಲಿಗೆ ಬಹುಮಾನ. ಸಂಘದ ಕಾರ್ಯದರ್ಶಿ ಮುಖೇಶ್ ಹಿಂದೆ ಬಂದರಿನ ಒಂದು ಟ್ರೇಡಿಂಗ್ ಆಫೀಸಿನಲ್ಲಿದ್ದವನು. ಕುಮುದಿನಿ ಅದೇ ಬಡಾವಣೆಯಲ್ಲಿದ್ದಾಳೆಂದು ತಿಳಿದದ್ದೇ ಮನೆ ಬಾಗಿಲಿಗೆ ಬಂದ.

"ಕುಮುದಿನಿಯಕ್ಕ, ನಿಮ್ಮ ಬಂಗುಡೆ ಸಾರು ಉಂಡೇ ನಾನು ಅರ್ಧ ಸರ್ವಿಸ್ ಮುಗಿಸಿದ್ದು ಮಾರಾಯ್ರೆ. ಜಡ್ಜ್ ನೀವೇ ಆಗ್ಬೇಕು. ಬೇರೆ ಯಾರನ್ನಾದ್ರೂ ಕೂರಿಸಿದ್ರೆ ಹೋಟೆಲಿನವರು ಜಗಳ ತೆಗಿತಾರೆ. ನೀವು ಬಾಯಿಗಿಟ್ಟು ಹೇಳಿದ್ರೆ ಅದೇ ಫೈನಲ್."

"ನನಗೆ ಎಂತಕ್ಕೆ ಅದೆಲ್ಲ" ಎಂದಳು ಕುಮುದಿನಿ.

"ಹೋಗಮ್ಮ" ಎಂದಳು ಸುಪ್ರೀತಾ. ಅವಳ ಮುಖದಲ್ಲಿ ಬಹಳ ಸಮಯದ ಮೇಲೆ ಒಂದು ಬೆಳಕು ಕಂಡಿತ್ತು. "ಎಷ್ಟು ದಿನ ಅಂತ ಬಾಲ್ಕನಿಯಲ್ಲಿ ಕೂತುಕೊಳ್ಳುದು?"

ಬೇಡ ಎನ್ನಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಲು ಎಲ್ಲಿಂದಲೋ ಶಕ್ತಿ ತರಬೇಕು. ಆಯ್ತು ಎನ್ನುವುದು ಸುಲಭ. ಅವಳು ಆಯ್ತು ಎಂದಳು.

ಮೇಳದ ಸಂಜೆ ಸುಪ್ರೀತಾ ಅಮ್ಮನಿಗೆ ನೀಲಿ ಅಂಚಿನ ಸೀರೆ ಉಡಿಸಿದಳು. ಮೈದಾನದಲ್ಲಿ ಶಾಮಿಯಾನ, ಸಾಲಾಗಿ ಮೇಜು, ಗ್ಯಾಸ್ ಒಲೆಯ ಭುಸುಗುಡುವಿಕೆ. ಮುಖೇಶ್ ಅವಳ ಎದೆಗೆ ರಿಬ್ಬನ್ನಿನ ಹೂವು ಚುಚ್ಚಿಸಿ, ಮೈಕಿನಲ್ಲಿ ಬಂದರಿನ ಹೆಸರಾಂತ ಕೈ ಎಂದು ಪರಿಚಯ ಹೇಳಿ, ತಟ್ಟೆ ಹಿಡಿದುಕೊಂಡು ಅವಳ ಜೊತೆ ಹೊರಟ. ಜನ ದಾರಿ ಬಿಟ್ಟರು. ಸುಪ್ರೀತಾ ಎರಡು ಹೆಜ್ಜೆ ಹಿಂದೆ ಫೋನಿನಲ್ಲಿ ಫೋಟೋ ತೆಗೆಯುತ್ತಾ ಬಂದಳು.

ಮೊದಲನೆಯದು ಕೋರಿ ರೊಟ್ಟಿ. ರೊಟ್ಟಿ ಮುರಿದ ಸದ್ದು ಕಿವಿಗೆ ಕೇಳಿತು, ಹಲ್ಲಿಗೆ ತಾಗಿತು. ಮೇಲೆ ಹೊಯ್ದ ಕೋಳಿ ಸಾರು ಬೆಚ್ಚಗೆ ಜಾರಿಹೋಯಿತು. ಹೋಟೆಲಿನವನು ಕೈಕಟ್ಟಿ ಅವಳ ಬಾಯಿಯನ್ನೇ ನೋಡುತ್ತಿದ್ದ. ಸಾರಿನ ಮೇಲೆ ಎಣ್ಣೆ ಬಿಟ್ಟುಕೊಂಡದ್ದನ್ನು ಅವಳು ಕಣ್ಣಿನಲ್ಲೇ ನೋಡಿದ್ದಳು. "ಮಸಾಲೆ ಚೆಂದ ಬೆಂದಿದೆ" ಎಂದಳು. ಅವನ ಮುಖ ಅರಳಿತು.

ಮುಂದೆ ಬಿಕರ್ನಕಟ್ಟೆಯ ಝೇವಿಯರನ ಸ್ಟಾಲು. ಇಡ್ಲಿಯಂಥ ಸನ್ನಾಸ್, ಜೊತೆಗೆ ಬಫಾತ್ ಮಸಾಲೆ ಪುಡಿ ಹಾಕಿದ ಕೋಳಿ. ಸನ್ನಾಸ್ ಬೆರಳಿಗೆ ಸ್ಪಂಜಿನಂತಿತ್ತು. "ಹಿಟ್ಟು ಒಳ್ಳೆ ಉಬ್ಬಿದೆ" ಎಂದಳು. "ಥ್ಯಾಂಕ್ಯೂ ಅಕ್ಕ, ಥ್ಯಾಂಕ್ಯೂ" ಎಂದು ಝೇವಿಯರ್ ಇನ್ನೊಂದು ಹಾಕಿದ. ಆಮೇಲೆ ಚಿಪ್ಪುಮೀನಿನ ಮರುವಾಯಿ ಸುಕ್ಕ, ಆಮೇಲೆ ನೀರುದೋಸೆ, ಗೋಳಿಬಜೆ. ಒಂದು ಮೆತ್ತಗೆ, ಒಂದು ಒರಟು, ಒಂದು ಜಾರುವುದು, ಒಂದು ಅಂಟುವುದು. ಬಾಯಿಗೆ ಹೋದದ್ದೆಲ್ಲ ಬಟ್ಟೆ ಅಂಗಡಿಯಲ್ಲಿ ಬೆರಳಿನಿಂದ ಮುಟ್ಟಿ ನೋಡುವ ಥಾನುಗಳಂತೆ ಒಂದರ ಮೇಲೊಂದು ಬಂದು ಹೋಯಿತು. ಪ್ರತಿಯೊಬ್ಬರಿಗೂ ಒಂದೊಂದು ಮಾತು ಕೊಟ್ಟಳು. ಮಾತು ತಾನೇ ಬರುತ್ತಿತ್ತು. ಸುಳ್ಳು ಹೇಳುತ್ತಿದ್ದೇನೆ ಎಂದು ಗೊತ್ತಿತ್ತು. ಅದಕ್ಕಾಗಿ ನಾಚಿಕೆಯೂ ಆಗುತ್ತಿರಲಿಲ್ಲ.

ಕೊನೆಯ ಮೇಜು ಚಿಕ್ಕದು. ಅದರ ಹಿಂದೆ ಹೂವಿನ ಸ್ಕಾರ್ಫ್ ಕಟ್ಟಿದ ಒಬ್ಬ ಹುಡುಗಿ ನಿಂತಿದ್ದಳು. ಬಂದರಿನಲ್ಲಿ ತಾಯಿಯ ಜೊತೆ ಹೊಸದಾಗಿ ಹೋಟೆಲು ಹಾಕಿದ ಸುಹೈಲಾ ಎಂದು ಮುಖೇಶ್ ಹೇಳಿದ. ಅವಳು ಇಟ್ಟದ್ದು ಪಿಂಡಿ. ಬ್ಯಾರಿಗಳ ಮನೆಯಲ್ಲಿ ಮಾಡುವ, ಅಕ್ಕಿಯ ಪುಟ್ಟ ಉಂಡೆಗಳನ್ನು ಮಾಂಸದ ಸಾರಿನಲ್ಲಿ ಕುದಿಸಿದ ಅಡುಗೆ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಉಮ್ಮ ಹೇಳ್ತಾ ಇದ್ರು ನಿಮ್ಮ ಬಗ್ಗೆ" ಎಂದಳು. "ನೀವು ಹೇಗುಂಟು ಅಂತ ಹೇಳಿದ್ರೆ ಸಾಕು ನನಗೆ. ಪ್ರೈಜ್ ಬೇಡ."

ಕುಮುದಿನಿ ಉಂಡೆಗಳನ್ನು ನಾಲಿಗೆಯಿಂದ ಅಂಗುಳಿಗೆ ಒತ್ತಿದಳು. ಹದವಾಗಿ ಬೆಂದಿದ್ದವು. ಹುಡುಗಿಯ ಮುಖ ನೋಡಿ, "ಉಪ್ಪು, ಖಾರ ಎಲ್ಲ ಸರಿ ಉಂಟು ಮಗಳೇ" ಎಂದಳು. ಮುಖೇಶ್ ಅವಳನ್ನು ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಬಹುಮಾನದ ತಯಾರಿಗೆ ಹೋದ. ಸುಪ್ರೀತಾ ಜ್ಯೂಸ್ ತರಲು ಹೋದಳು.

ಸ್ವಲ್ಪ ಹೊತ್ತಿಗೆ ಸುಹೈಲಾ ಬಂದು ಎದುರು ನಿಂತಳು. ಮುಖ ಕೆಂಪಾಗಿತ್ತು.

"ಅಕ್ಕ, ಒಂದು ಮಾತು ಉಂಟು. ಇಲ್ಲಿ ಬೇಡ, ಆಚೆ ಬನ್ನಿ."

ಸ್ಟಾಲಿನ ಹಿಂದೆ ಪಾತ್ರೆ ಇಟ್ಟ ಜಾಗಕ್ಕೆ ಕರೆದುಕೊಂಡು ಹೋದಳು. ಅಲ್ಲಿ ತಗ್ಗಿದ ಸ್ವರದಲ್ಲಿ, ಆದರೆ ಸಿಟ್ಟಿನಲ್ಲೇ ಕೇಳಿದಳು. "ನೀವು ಎಂತಕ್ಕೆ ಹಾಗೆ ಹೇಳಿದ್ದು?"

"ಎಂತ?"

"ಉಪ್ಪು ಸರಿ ಉಂಟು ಅಂತ. ನಾನು ಉಪ್ಪೇ ಹಾಕ್ಲಿಲ್ಲ ಅಕ್ಕ! ಗಡಿಬಿಡಿಯಲ್ಲಿ ಮರೆತಿದ್ದೇನೆ. ಒಬ್ಬರು ತಿಂದು ಉಗಿದು ಹೋದ್ರು, ಆಗ ಗೊತ್ತಾದದ್ದು. ಪಾಪದ ಹುಡುಗಿ ಅಂತ ಸುಮ್ಮನೆ ಹೊಗಳಿದ್ದಾ? ಅಥವಾ ನುಂಗ್ಲೇ ಇಲ್ವಾ ನೀವು? ಸಪ್ಪೆ ಅಂತ ಹೇಳಿದ್ರೆ ನಾನು ಸರಿ ಮಾಡ್ತಿದ್ದೆ."

ಕುಮುದಿನಿಗೆ ಕೂಡಲೇ ಒಂದು ನೆಪ ಹೊಳೆಯಿತು. ಕಡಿಮೆ ಉಪ್ಪು ತಿನ್ನಲು ಡಾಕ್ಟರು ಹೇಳಿದ್ದಾರೆ, ಅಭ್ಯಾಸವಾಗಿದೆ ಎಂದರೆ ಮುಗಿಯಿತು. ಬಾಯಿ ತೆರೆದಳು. ಆ ಮಾತು ಬರಲಿಲ್ಲ.

"ನನಗೆ ಗೊತ್ತಾಗುದಿಲ್ಲ" ಎಂದಳು.

"ಎಂತ ಗೊತ್ತಾಗುದಿಲ್ಲ?"

"ರುಚಿ. ಕೊರೊನಾ ಬಂದಾಗ ಹೋದದ್ದು, ಬರ್ಲೇ ಇಲ್ಲ. ವಾಸನೆಯೂ ಇಲ್ಲ."

ಸುಹೈಲಾ ಅವಳನ್ನೇ ನೋಡಿದಳು, ಇನ್ನೂ ನಂಬದವಳಂತೆ. ಪಕ್ಕದಲ್ಲಿದ್ದ ಡಬ್ಬಿಯಿಂದ ಒಂದು ಚಮಚ ಉಪ್ಪು ತೆಗೆದು ನೀಡಿದಳು. ಪರೀಕ್ಷೆ ಮಾಡುವ ದುಷ್ಟತನ ಅದರಲ್ಲಿರಲಿಲ್ಲ. ಚಿಕ್ಕವರಿಗೆ ಏನಾದರೂ ತಿಳಿಯಬೇಕಾದರೆ ಕೈ ಮುಂದೆ ಹೋಗುತ್ತದೆ, ಹಾಗೆ. ಕುಮುದಿನಿ ಅಷ್ಟನ್ನೂ ಬಾಯಿಗೆ ಹಾಕಿಕೊಂಡಳು. ಬೆಂಗ್ರೆಯ ದಡದಲ್ಲಿ ಗಾಳಿಗೆ ಹಾರಿ ಹಲ್ಲಿಗೆ ಸಿಗುವ ಮರಳಿನಂತಿತ್ತು. ಜಗಿದು ನುಂಗಿ, ನೀರು ಕೇಳಿದಳು. ಅವಳ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಸುಹೈಲಾ ಅಳತೊಡಗಿದಳು. ನೀರಿನ ಬಾಟಲಿ ಕೊಟ್ಟು, ಸ್ಕಾರ್ಫಿನ ತುದಿಯಿಂದ ಮೂಗೊರೆಸಿಕೊಂಡು, "ನಾನು ಯಾರತ್ರವೂ ಹೇಳುದಿಲ್ಲ ಅಕ್ಕ, ದೇವರಾಣೆ ಹೇಳುದಿಲ್ಲ" ಎಂದಳು. ಯಾರೋ ಹುಡುಗಿ ತನಗಾಗಿ ಅಳುತ್ತಿದ್ದಾಳೆ ಎಂಬುದನ್ನು ಕುಮುದಿನಿ ದೂರದಿಂದೆಂಬಂತೆ ಗಮನಿಸಿದಳು. ಆ ಕಣ್ಣೀರು ಅವಳಿಗೆ ವಿಚಿತ್ರವಾಗಿ ಕಂಡಿತು, ತನ್ನದೇ ಸಾಮಾನು ಬೇರೆಯವರ ಕೈಯಲ್ಲಿದ್ದ ಹಾಗೆ.

"ಅಳ್ಬೇಡ. ಮೊದಲು ಸಾರಿಗೆ ಉಪ್ಪು ಹಾಕು" ಎಂದು ಹೇಳಿ ಅವಳು ನೇರ ವೇದಿಕೆಯ ಕಡೆ ನಡೆದಳು.

ಮುಖೇಶ್ ಟ್ರೋಫಿಯ ಪ್ಲಾಸ್ಟಿಕ್ ಬಿಚ್ಚುತ್ತಿದ್ದ. ಅವಳು ಹೇಳಿದ್ದು ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಆಚೀಚೆ ನೋಡಿ ಸ್ವರ ತಗ್ಗಿಸಿದ. "ಅಕ್ಕ, ಅದೆಲ್ಲ ಈಗ ಎಂತಕ್ಕೆ? ಯಾರಿಗೆ ಗೊತ್ತಾಗ್ತದೆ? ಕೋರಿ ರೊಟ್ಟಿ ಅಂತ ಹೇಳಿ, ಇಲ್ಲ ಝೇವಿಯರ್ ಅಂತ ಹೇಳಿ. ಒಂದು ಹೆಸರು ಸಾಕು ಮಾರಾಯ್ರೆ, ನನ್ನ ಮರ್ಯಾದೆ ಹೋಗ್ತದೆ."

"ಆ ಹುಡುಗಿಗೆ ಗೊತ್ತಾಯ್ತಲ್ಲ ಮುಖೇಶ. ನಾನು ಸರಿಯಾಗಿ ಹೇಳಿದ್ರೆ ಸಾಕು ಅಂತ ಅವಳು ನಿಂತಿದ್ದಳು. ನಾನು ಬಾಯಿಗೆ ಬಂದದ್ದು ಹೇಳಿದೆ. ಇನ್ನು ನನ್ನಿಂದಾಗುದಿಲ್ಲ."

ಎದೆಯ ಹೂವನ್ನು ತೆಗೆದು ಮೇಜಿನ ಮೇಲಿಟ್ಟು ತಿರುಗಿದರೆ ಜ್ಯೂಸಿನ ಲೋಟ ಹಿಡಿದು ಸುಪ್ರೀತಾ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಇಬ್ಬರೂ ಶಾಮಿಯಾನದ ಅಂಚಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ಸುಪ್ರೀತಾ ಜ್ಯೂಸಿನ ಲೋಟವನ್ನು ಕಾಲ ಬಳಿ ನೆಲದ ಮೇಲಿಟ್ಟಳು. ಆಮೇಲೆ ಕೇಳಿದಳು, "ಅಪ್ಪನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವರೇ ರುಚಿ ನೋಡಿ ಹೇಳ್ತಾ ಇದ್ದದ್ದು."

"ಮತ್ತೆ ನಾನು? ಎರಡು ವರ್ಷ ದಿನಾ ಕೇಳಿದ್ದೇನಲ್ಲಮ್ಮ, ಹೇಗಾಗಿದೆ, ಹೇಗಾಗಿದೆ ಅಂತ. ಅಪ್ಪನ ಹಾಗೆ ನೀನೂ ಲಾಯ್ಕ ಉಂಟು ಅಂದುಬಿಟ್ಟೆ. ನನಗೆ ನಿಜವಾಗಿ ಅಡುಗೆ ಬಂತು ಅಂತ ತಿಳ್ಕೊಂಡಿದ್ದೆ ನಾನು." ಅವಳ ಸ್ವರದಲ್ಲಿ ಸಿಟ್ಟಿತ್ತು, ಅದರ ಅಡಿಯಲ್ಲಿ ಬೇರೇನೋ ಇತ್ತು. "ಹೋಟೆಲ್ ಮುಚ್ಚಿದ್ದೂ ಇದಕ್ಕೇ ಅಲ್ವಾ? ನಾವೆಲ್ಲ ಎಂತೆಂತ ತಿಳ್ಕೊಂಡ್ವು. ನನಗೆ ಯಾಕೆ ಹೇಳ್ಲಿಲ್ಲ?"

ಕುಮುದಿನಿ ಮಡಿಲಲ್ಲಿ ಕೈ ಇಟ್ಟುಕೊಂಡು ಯೋಚಿಸಿದಳು. ಮಗಳಿಗೆ ಈ ಸಲ ಸರಿಯಾದ ಮಾತನ್ನೇ ಹೇಳಬೇಕೆನ್ನಿಸಿತು. ಅದನ್ನು ಹುಡುಕಲು ಹೊತ್ತು ಬೇಕಾಯಿತು.

"ಹೇಳುದಾದ್ರೆ ಎಲ್ಲ ಹೇಳ್ಬೇಕಾಗ್ತದೆ. ಬರೀ ನಾಲಿಗೆ ಅಲ್ಲ ಸುಪ್ರೀತಾ. ಅಪ್ಪ ಹೋದದ್ದೂ ಹಾಗೇ. ಹೋದ್ರು ಅಂತ ಗೊತ್ತುಂಟು. ತಾಗುದಿಲ್ಲ. ಜ್ವರ ಯಾವುದನ್ನು ತೆಗೊಂಡು ಹೋಯ್ತು, ಅಪ್ಪ ಯಾವುದನ್ನು ತೆಗೊಂಡು ಹೋದ್ರು, ನನಗೇ ಗೊತ್ತಿಲ್ಲ. ನಿನ್ನತ್ರ ಹೇಗೆ ಹೇಳುದು? ಗಂಡ ಸತ್ತರೂ ಏನೂ ಆಗುದಿಲ್ಲ ಇವಳಿಗೆ ಅಂತ ನೀನು ಎಣಿಸಿದ್ರೆ?"

ಸುಪ್ರೀತಾ ಅಮ್ಮನ ಕೈಯನ್ನು ತೆಗೆದು ತನ್ನ ಕೈಯೊಳಗೆ ಇಟ್ಟುಕೊಂಡಳು. ಕೈ ಬೆಚ್ಚಗಿತ್ತು. ಅಷ್ಟು ಕುಮುದಿನಿಗೆ ಗೊತ್ತಾಯಿತು.

ಮುಖೇಶನ ಮರ್ಯಾದೆ ಏನೂ ಹೋಗಲಿಲ್ಲ. ಈ ಸಲ ಜನರೇ ಜಡ್ಜ್ ಎಂದು ಮೈಕಿನಲ್ಲಿ ಸಾರಿ, ಒಂದೊಂದು ಸ್ಟಾಲಿನ ಹೆಸರು ಕೂಗಿ ಚಪ್ಪಾಳೆ ಹೊಡೆಸಿದ. ಕೋರಿ ರೊಟ್ಟಿಯವನ ನೆಂಟರು ಒಂದು ಬಸ್ಸು ತುಂಬ ಬಂದಿದ್ದರು. ಟ್ರೋಫಿ ಅವನಿಗೇ ಹೋಯಿತು. ಝೇವಿಯರ್ ಗೊಣಗಿಕೊಂಡು ಉಳಿದ ಸನ್ನಾಸನ್ನು ಎಲ್ಲರಿಗೂ ಹಂಚಿದ. ಸುಹೈಲಾಳ ಪಾತ್ರೆ, ಉಪ್ಪು ಬಿದ್ದ ಮೇಲೆ, ತಳ ಕಾಣುವವರೆಗೂ ಖಾಲಿಯಾಯಿತು.

ಆಮೇಲೆ ಸುಪ್ರೀತಾ ಅಮ್ಮನನ್ನು ಮೂಗು, ಗಂಟಲಿನ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಇಷ್ಟು ತಡವಾಗಿ ಬಂದದ್ದಕ್ಕೆ ಆ ಡಾಕ್ಟರಮ್ಮ ಬೈದಳು. ಲವಂಗ, ನಿಂಬೆ, ನೀಲಗಿರಿ ಎಣ್ಣೆಯನ್ನು ದಿನಾ ಮೂಸಿ ನೋಡುವ ಅಭ್ಯಾಸ ಹೇಳಿಕೊಟ್ಟಳು. ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದಳು. ತಾಯಿ ಮಗಳಿಬ್ಬರೂ ಬೆಳಿಗ್ಗೆ ಮೇಜಿಗೆ ಕೂತು ಬಾಟಲಿ ಮೂಸುತ್ತಾರೆ. ಇದುವರೆಗೆ ಏನೂ ಬಂದಿಲ್ಲ. ಸುಪ್ರೀತಾ ಈಗ ಹೇಗಿದೆ ಎಂದು ಕೇಳುವುದಿಲ್ಲ. "ಇವತ್ತು ಪಲ್ಯ ನಾನೇ ಹಾಳು ಮಾಡಿದ್ದೇನೆ" ಎಂದು ಮೊದಲೇ ಹೇಳಿಬಿಡುತ್ತಾಳೆ.

ಸುಹೈಲಾ ಮಾತ್ರ ಫೋನು ಮಾಡುವುದನ್ನು ಬಿಡಲಿಲ್ಲ. ಬನ್ನಿ ಅಕ್ಕ, ಉಮ್ಮ ನೋಡ್ಬೇಕು ಅಂತಾರೆ, ಒಮ್ಮೆ ಬಂದು ಹೋಗಿ. ಬೇಡ ಎನ್ನಲು ಆಗದೆ ಒಂದು ದಿನ ಕುಮುದಿನಿ ಬಸ್ಸು ಹತ್ತಿದಳು. ಗಂಡ ಸತ್ತ ಮೇಲೆ ಬಂದರಿಗೆ ಅದೇ ಮೊದಲು. ದಕ್ಕೆಯ ರಸ್ತೆಯಲ್ಲಿ ನಡೆಯುವಾಗ ಎದೆಯಲ್ಲಿ ಏನಾದರೂ ಎದ್ದೀತೇ ಎಂದು ಕಾದಳು. ಲಾರಿಗಳು ಹೋದವು, ಐಸು ಒಡೆಯುವ ಸದ್ದು ಕೇಳಿತು. ಏನೂ ಏಳಲಿಲ್ಲ.

ಸುಹೈಲಾಳ ಹೋಟೆಲಿನ ಅಡುಗೆಮನೆ ಇಕ್ಕಟ್ಟು. ಹುಡುಗಿ ನೆಲದ ಮೇಲೆ ಬಂಗುಡೆಯ ರಾಶಿ ಹಾಕಿಕೊಂಡು, ಒಂದೊಂದರ ಮೇಲೂ ಕತ್ತಿ ಒತ್ತಿ ಒತ್ತಿ ಎಳೆಯುತ್ತಿದ್ದಳು. ಮೀನಿನ ಹೊಟ್ಟೆ ಹರಿದು ನೆಲವೆಲ್ಲ ರಾಡಿಯಾಗಿತ್ತು. ಕುಮುದಿನಿ ಬಾಗಿಲಲ್ಲಿ ನಿಂತು ನೋಡಿದಳು. ಹೇಗಿದ್ದೀ ಎಂದು ಕೇಳಲೂ ಮರೆತು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಣೆ ಎಳೆದು ಕೂತು, ಅವಳ ಕೈಯಿಂದ ಕತ್ತಿ ಕಿತ್ತುಕೊಂಡಳು. ಒಂದು ಮೀನು ಕೊಯ್ದು ನೋಡಿದಳು. ಸಿಟ್ಟು ಬಂತು, ನಿಜವಾದ ಸಿಟ್ಟು.

"ಎಂತ ಮಾರಾಯ್ತಿ ಇದು, ಕತ್ತಿಗೆ ಹರಿತವೇ ಇಲ್ಲ! ಒಳ್ಳೆ ಮೀನನ್ನು ಹೀಗಾ ಹಾಳು ಮಾಡುದು? ಹೋಗು, ಒಂದು ಮಸೆಯುವ ಕಲ್ಲು ತಾ."

ಸುಹೈಲಾ ಕಲ್ಲು ತರಲು ಓಡಿದಳು.